ಎರಡು ಸ್ಟೇಷನ್ನುಗಳ ನಡುವೆ ನೀಲಮ್ಮನ ಕರಡಿಗೆ

ಹೊರಡುವ ಮುನ್ನ

ನಮ್ಮ ಶಿಕಾರಿಪುರಕ್ಕೆ ರೈಲಿಲ್ಲ. ನನ್ನ ಹೆಂಡತಿ ನೀಲಮ್ಮನ ತವರು ಸೊರಬಕ್ಕೂ ಇಲ್ಲ. ರೈಲಿನ ಮುಖ ನೋಡಬೇಕಾದರೆ ಬಸ್ಸು ಹಿಡಿದು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಬೇಕು. ಅಂಥವರಿಗೆ ಇಂಗ್ಲೆಂಡಿನ ಮನೆಯೊಡತಿಯೊಬ್ಬಳು ಹೇಳಿದಳು, ರೈಲಿನಲ್ಲಿ ಹೋಗಿ ಒಂದು ಸ್ಟೇಷನ್ನಿನಲ್ಲಿ ಇಳಿಯಿರಿ, ಹೊಲಗಳ ನಡುವೆ ಐದಾರು ಮೈಲಿ ನಡೆಯಿರಿ, ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ರೈಲು ಹತ್ತಿ ಬನ್ನಿ, ನಮ್ಮ ಜನಕ್ಕೆ ಅದೇ ದೊಡ್ಡ ಖುಷಿ ಎಂದು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನೀಲಮ್ಮ ಕೇಳಿದಳು.

"ಅಲ್ರೀ, ಆ ರೈಲು ತಾನೇ ಅಲ್ಲಿಗೆ ಹೋಗ್ತೈತಲ್ಲ? ನಡುವೆ ಇಳಿದು ನಡಿಯೋದು ಯಾಕೆ?"

ಮನೆಯೊಡತಿಯನ್ನು ಕೇಳಿ ಹೇಳುವ ಧೈರ್ಯ ನನಗಿರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನು ಮೆಕ್ಕೆಜೋಳದ ವ್ಯಾಪಾರಿ. ತಾಳಗುಂದದ ಹತ್ತಿರ ಸ್ವಲ್ಪ ಜಮೀನೂ ಇದೆ. ನಮ್ಮ ವರ್ತಕರ ಕೂಟಕ್ಕೂ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದ ಕೂಟಕ್ಕೂ ಹೇಗೋ ಗೆಳೆತನ ಬೆಳೆದು, ಅವರಲ್ಲಿ ಒಂದು ಜೋಡಿ ಇಲ್ಲಿಗೆ, ನಮ್ಮಲ್ಲಿ ಒಂದು ಜೋಡಿ ಅಲ್ಲಿಗೆ ಎಂದಾಯಿತು. ಚೀಟಿ ಎತ್ತಿದರು, ನನ್ನ ಹೆಸರು ಬಂತು. ಎಲ್ಲರೂ ಬೆನ್ನು ತಟ್ಟಿ ಅದೃಷ್ಟವಂತ ಎಂದರು. ಆದರೆ ನಾನು ಹುಟ್ಟಾ ಪುಕ್ಕಲ. ಶಿರಾಳಕೊಪ್ಪದ ಬಸ್ಸು ಹತ್ತುವಾಗಲೂ ಇದು ಶಿರಾಳಕೊಪ್ಪಕ್ಕೇ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಮೂರು ಸಲ ಕೇಳುವವನು.

ಹೆದರಿಕೆಗೆ ಕಾರಣವೂ ಇತ್ತು. ನೀಲಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ತಡವಾದರೆ ಸಕ್ಕರೆ ಇಳಿದು ಬೆವರುತ್ತಾಳೆ, ನಡುಗುತ್ತಾಳೆ. ಹಿಂದೊಮ್ಮೆ ಮದುವೆ ಮನೆಯಲ್ಲಿ ಪಂಕ್ತಿ ತಡವಾಗಿ ಎಚ್ಚರ ತಪ್ಪಿ ಬಿದ್ದಿದ್ದಳು. ಇನ್ನು ಸ್ವಲ್ಪ ಬಿಟ್ಟಿದ್ದರೆ ಜೀವಕ್ಕೇ ಬರುತ್ತಿತ್ತು ಎಂದು ಶಿವಮೊಗ್ಗದ ಡಾಕ್ಟರು ನನ್ನನ್ನು ಬೈದಿದ್ದರು, ಅವಳನ್ನಲ್ಲ. ಅಂದಿನಿಂದ ನನ್ನ ಜೇಬಿನಲ್ಲಿ ಸದಾ ಒಂದು ಬೆಲ್ಲದ ಅಚ್ಚು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮದು ಲಿಂಗ ಕಟ್ಟುವ ಮನೆತನ. ನನ್ನ ಲಿಂಗ ದೇವರ ಕೋಣೆಯಲ್ಲಿ ಭದ್ರವಾಗಿದೆ, ಹಬ್ಬ ಹುಣ್ಣಿಮೆಗೆ ಕೊರಳಿಗೆ ಬರುತ್ತದೆ. ನೀಲಮ್ಮನದು ಹಾಗಲ್ಲ. ಹುಡುಗಿಯಾಗಿದ್ದಾಗ ಕಟ್ಟಿಸಿಕೊಂಡ ಲಿಂಗ, ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡದ್ದು, ಅಂದಿನಿಂದ ಮೈ ಬಿಟ್ಟಿಲ್ಲ. ತುತ್ತು ಎತ್ತುವ ಮುಂಚೆ ಅದನ್ನು ಕಣ್ಣಿಗೊತ್ತಿಕೊಳ್ಳಬೇಕು. ಅದಿಲ್ಲದೆ ಹನಿ ನೀರೂ ಗಂಟಲಿಗಿಳಿಯಬಾರದು. ವಿಮಾನ ನಿಲ್ದಾಣದಲ್ಲಿ ಬಿಚ್ಚಿ ತಟ್ಟೆಯಲ್ಲಿಡಿ ಎಂದಾಗ ಅವಳು ಅಲುಗಾಡದೆ ನಿಂತಳು. ಕೊನೆಗೆ ಒಬ್ಬ ಹೆಣ್ಣುಮಗಳು ಬಂದು ಕೊರಳಲ್ಲಿದ್ದಂತೆಯೇ ನೋಡಿ ಬಿಟ್ಟಳು. ನಾನು ಆ ಹೊತ್ತಿಗೆ ಅರ್ಧ ಸತ್ತಿದ್ದೆ.

ಮೊದಲ ಸ್ಟೇಷನ್ನು

ಮನೆಯೊಡತಿ ಮಾರ್ಗರೆಟ್ ನಿವೃತ್ತ ಶಿಕ್ಷಕಿ, ವಿಧವೆ. ಅವಳೇ ಜೊತೆಗೆ ಬರುವವಳಿದ್ದಳು. ಹಿಂದಿನ ದಿನ ಮೆಟ್ಟಿಲಲ್ಲಿ ಕಾಲು ಉಳುಕಿತು. ಹಾಗಾದರೆ ಇನ್ನೊಂದು ದಿನ ಹೋದರಾಯಿತು ಎಂದು ನಾನು ಬಹಳ ಉದಾರವಾಗಿ ಹೇಳಿದೆ. ಅವಳು ಕೇಳಲಿಲ್ಲ. ಒಂದು ಸಣ್ಣ ಪುಸ್ತಕ ಕೈಗಿಟ್ಟಳು. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೇಗೆ ನಡೆಯಬೇಕು, ಯಾವ ಗೇಟು, ಯಾವ ಮರ, ಎಲ್ಲಿ ಎಡಕ್ಕೆ ಎಂದು ಅಡಿಗಡಿಗೂ ಬರೆದಿತ್ತು. ನಡೆಯುವುದಕ್ಕೂ ಪುಸ್ತಕ ಬರೆಯುವ ಜನ.

ನಾವಿಬ್ಬರೇ ಇಳಿದೆವು. ರೈಲು ಹೋಯಿತು. ಪ್ಲಾಟ್‌ಫಾರಂ ಮೇಲೆ ಒಂದು ಬೆಂಚು, ಒಂದು ಹೂವಿನ ಕುಂಡ. ಸ್ಟೇಷನ್ ಮಾಸ್ತರರಿಲ್ಲ, ಟಿಕೆಟ್ ಕೊಡುವವನಿಲ್ಲ, ಚಹಾ ಮಾರುವವನಿಲ್ಲ, ಒಂದು ನಾಯಿಯೂ ಇಲ್ಲ. ನಮ್ಮ ಕಡೆ ಹೊಸಬರು ಬಸ್ಸಿಳಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಯಾರ ಮನೆಗೆ ಎಂದು ಕೇಳುತ್ತಾರೆ. ಅದು ಕಿರಿಕಿರಿ ಎಂದು ಅಂದುಕೊಂಡಿದ್ದೆ. ಯಾರೂ ಕೇಳದ ಜಾಗದಲ್ಲಿ ನಿಂತಾಗ ಅದರ ಬೆಲೆ ಗೊತ್ತಾಯಿತು. ಇಲ್ಲಿ ಏನಾದರೂ ಆದರೆ ಕೂಗಿದರೂ ಕೇಳುವವರಿಲ್ಲ ಎಂಬ ಯೋಚನೆ ತಲೆಗೆ ಹೊಕ್ಕಿತು, ಆಮೇಲೆ ಇಡೀ ದಿನ ಹೊರಗೆ ಬರಲಿಲ್ಲ.

ಗೇಟುಗಳು

ಪುಸ್ತಕದ ದಾರಿ ನೇರವಾಗಿ ಯಾರದೋ ಕೊಟ್ಟಿಗೆಯ ಅಂಗಳಕ್ಕೆ ಹೋಯಿತು. ನಾನು ನಿಂತುಬಿಟ್ಟೆ. ಮಾರ್ಗರೆಟ್ ಹೇಳಿದ್ದಳು, ಜಮೀನು ಯಾರದೇ ಆಗಿರಲಿ, ಹಳೆಯ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ, ಯಜಮಾನ ತಡೆಯುವಂತಿಲ್ಲ ಎಂದು. ಹೇಳುವುದು ಸುಲಭ. ನಮ್ಮೂರ ಹತ್ತಿರ ಒಂದು ಬಂಡಿ ದಾರಿಗಾಗಿ ಅಣ್ಣತಮ್ಮಂದಿರೇ ತಲೆ ಒಡೆದುಕೊಂಡು, ನಕಾಶೆ ಪಹಣಿ ಹಿಡಿದು ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನು ನಾನು ಕಂಡಿದ್ದೇನೆ. ಪರದೇಶದವನು, ಕೈಯಲ್ಲಿ ಒಂದು ಪುಸ್ತಕ ಹಿಡಿದು, ಬಿಳಿಯ ರೈತನ ಅಂಗಳ ದಾಟಿ ಹೋಗುವುದೆಂದರೆ? ಕಿಟಕಿಯಲ್ಲಿ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ನಮ್ಮನ್ನು ನೋಡಿ ಸೋಪಿನ ಕೈಯೆತ್ತಿ ಆಡಿಸಿದಳು. ಹೊರಗೆ ನಡೆ ಎನ್ನುತ್ತಿದ್ದಾಳೆ ಎಂದು ನಾನು ಓಡಿದೆ. ಅವಳು ನಕ್ಕು ಮಾತಾಡಿಸಿದ್ದು ಎಂದು ನೀಲಮ್ಮ ಹಿಂದಿನಿಂದ ಹೇಳಿದಳು.

ಮುಂದೆ ಹುಲ್ಲುಗಾವಲು. ಇಪ್ಪತ್ತು ಪಡ್ಡೆ ಹೋರಿಗಳು ಮೇಯುವುದು ಬಿಟ್ಟು ಸಾಲಾಗಿ ನಮ್ಮ ಹಿಂದೆ ಬಂದವು. ನಾವು ನಿಂತರೆ ಅವೂ ನಿಲ್ಲುತ್ತವೆ, ನಡೆದರೆ ನಡೆಯುತ್ತವೆ. ನಮ್ಮ ದನಗಳಿಗೆ ಇಂಥ ಕುತೂಹಲವಿಲ್ಲ. ನೀಲಮ್ಮ ಒಂದು ಕೈಯಲ್ಲಿ ಕೊರಳ ಕರಡಿಗೆ ಹಿಡಿದು, ತಿರುಗಿ ನಿಂತು, ಸೊರಬದ ಕಡೆ ದನ ಗದರಿಸುವ ದನಿಯಲ್ಲಿ ಒಮ್ಮೆ ಗದರಿಸಿದಳು. ಇಪ್ಪತ್ತೂ ಅಲ್ಲೇ ನಿಂತವು. ನಾನು ಅಷ್ಟರಲ್ಲಿ ಬೇಲಿಯ ಹತ್ತಿರ ಇದ್ದೆ.

ಅಲ್ಲಿ ಬೇಲಿ ದಾಟಲು ಎರಡು ಹಲಗೆಯ ಮೆಟ್ಟಿಲು ಮಾಡಿದ್ದರು, ಪಕ್ಕಕ್ಕೆ ಹಿಡಿದುಕೊಳ್ಳಲು ಒಂದು ಕಂಬ. ದನ ದಾಟಬಾರದು, ಮನುಷ್ಯ ದಾಟಬೇಕು. ನಮ್ಮ ಕಡೆಯ ದಣಪೆಯ ಹಾಗೇ ಎಂದು ನೀಲಮ್ಮನಿಗೆ ಖುಷಿ. ಸೀರೆ ಎತ್ತಿ ಕಟ್ಟಿ ಹತ್ತಿದಳು. ಇಳಿಯುವಾಗ ಸ್ವೆಟರು ತಂತಿಗೆ ಸಿಕ್ಕಿಕೊಂಡಿತು. ನಾನು ಹೋರಿಗಳ ಮೇಲೇ ಕಣ್ಣಿಟ್ಟು, ಬೇಗ ಬೇಗ ಎಂದು ಸ್ವೆಟರನ್ನು ಜಗ್ಗಿ ಬಿಡಿಸಿ ಅವಳನ್ನು ಇಳಿಸಿಕೊಂಡೆ.

ಗೋಧಿ ಹೊಲ

ಮೆಟ್ಟಿಲಿಳಿದರೆ ಸೊಂಟದೆತ್ತರದ ಗೋಧಿ. ತೆನೆ ಬಲಿತು ಬಣ್ಣ ತಿರುಗಿತ್ತು. ಹೊಲದ ನಟ್ಟನಡುವೆ ನೇರವಾಗಿ ನಡೆಯಿರಿ ಎಂದು ಪುಸ್ತಕ. ನೋಡಿದರೆ ನಿಜವಾಗಿಯೂ ಪೈರಿನ ನಡುವೆ ಒಂದು ಅಡಿ ಅಗಲದ ಸೀಳುದಾರಿ, ಅದರ ಮೇಲೂ ಎರಡೂ ಕಡೆಯ ತೆನೆ ಬಾಗಿ ಬಿದ್ದಿದೆ. ನೀಲಮ್ಮ ಕಾಲು ಎತ್ತಲಿಲ್ಲ.

"ಬೆಳೆದ ಪೈರು ತುಳಿಯಾಕೆ ನನ್ನ ಕೈಲಾಗಲ್ಲ ನೋಡ್ರಿ. ಬದು ಹಿಡಿದು ಹೋಗಾಣ."

ನನ್ನ ಕೈಲೂ ಆಗುತ್ತಿರಲಿಲ್ಲ. ತೆನೆ ಹೊತ್ತ ಹೊಲದಲ್ಲಿ ಕಾಲಿಡುವವನನ್ನು ನಮ್ಮಲ್ಲಿ ಏನೆಂದು ಕರೆಯುತ್ತಾರೆಂದು ಬಲ್ಲೆ. ಪುಸ್ತಕವನ್ನು ಚೀಲಕ್ಕೆ ಹಾಕಿ ಬದು ಹಿಡಿದೆವು. ಹೊಲ ಅಂದರೆ ನಮ್ಮ ಎಕರೆ ಲೆಕ್ಕದ ತುಂಡಲ್ಲ. ಬದು ತಿರುಗಿತು, ಮತ್ತೆ ತಿರುಗಿತು, ಎಲ್ಲಿಂದ ಬಂದೆವು ಎಂಬುದೇ ತಪ್ಪಿತು. ಅಷ್ಟರಲ್ಲಿ ಟ್ರ್ಯಾಕ್ಟರೊಂದು ನಮ್ಮ ಕಡೆಗೇ ಬಂತು. ಕೆಂಪು ಮುಖದ ದಪ್ಪ ಮನುಷ್ಯ ಇಳಿದು ಕೈ ಬೀಸುತ್ತಾ ನಡೆದು ಬಂದ. ನಾನು ಎರಡೂ ಕೈ ಮುಗಿದೆ.

ಅವನು ಬೈದದ್ದು ನಿಜ. ಬೈದದ್ದು ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬದುವಿನ ಹುಲ್ಲಿನಲ್ಲಿ ಹಕ್ಕಿಮರಿಗಳಿವೆ, ಇಲ್ಲಿ ನಡೆಯಲು ನಿಮಗೆ ಹಕ್ಕಿಲ್ಲ, ದಾರಿ ಬೆಳೆಯ ನಡುವೆ ಇದೆ, ಅಲ್ಲಿ ನಡೆಯುವುದು ಬಿಟ್ಟು ಇಲ್ಲೇಕೆ ಬಂದಿರಿ ಎಂದು. ಪೈರು ತುಳಿಯಲಿಲ್ಲ ಎಂದು ಬೈಸಿಕೊಂಡ ರೈತರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ಅವನೇ ಮುಂದೆ ನಡೆದು, ಹೊಲದ ಆಚೆ ಬದಿಯಲ್ಲಿ ಸೀಳುದಾರಿ ಮುಗಿಯುವ ಜಾಗಕ್ಕೆ ನಮ್ಮನ್ನು ಬಿಟ್ಟು ಹೋದ.

ಮರದಡಿ

ಅಲ್ಲಿ ಒಂದು ದೊಡ್ಡ ಮರವಿತ್ತು. ಗಂಟೆ ಒಂದೂವರೆ. ಹೊತ್ತು ಮೀರಿತ್ತು. ಮಾರ್ಗರೆಟ್‌ಳ ಅಡುಗೆಮನೆಯಲ್ಲಿ ನೀಲಮ್ಮನೇ ಮಾಡಿಕೊಂಡ ಚಪಾತಿ, ಊರಿಂದ ತಂದ ಶೇಂಗಾ ಚಟ್ನಿಪುಡಿ. ಗಂಟು ಬಿಚ್ಚಿ ನನಗೆ ಕೊಟ್ಟಳು. ತನಗೆ ಒಂದು ಕೈಗೆತ್ತಿಕೊಂಡು ಇನ್ನೊಂದು ಕೈಯನ್ನು ಕೊರಳಿಗೆ ಒಯ್ದಳು. ಕೈ ಅಲ್ಲೇ ನಿಂತಿತು. ಸ್ವೆಟರಿನ ಒಳಗೆ ಹುಡುಕಿದಳು, ಸೆರಗು ಕೊಡವಿದಳು, ಎದ್ದು ನಿಂತು ಸೀರೆ ಜಾಡಿಸಿದಳು. ಚಪಾತಿಯನ್ನು ಮತ್ತೆ ಗಂಟಿನಲ್ಲಿಟ್ಟಳು.

"ಇಲ್ಲ," ಎಂದಳು. ಅಷ್ಟೇ.

ತೊಗರ್ಸಿಯಲ್ಲಿದ್ದ ಅವಳ ಸೋದರತ್ತೆಯ ಕಥೆಯನ್ನು ಮದುವೆಯಾದಂದಿನಿಂದ ಕೇಳಿದ್ದೇನೆ. ಬಟ್ಟೆ ಒಗೆಯುವಾಗ ಅತ್ತೆಯ ಲಿಂಗ ಕೆರೆಯಲ್ಲಿ ಬಿತ್ತು. ಅಯ್ಯನೋರು ಬಂದು ಬೇರೆ ಲಿಂಗ ಕಟ್ಟುವವರೆಗೆ ಮೂರು ದಿನ ಆಕೆ ಉಗುಳೂ ನುಂಗದೆ ಕೂತಳಂತೆ. ನೀಲಮ್ಮ ಇದನ್ನು ಹೇಳುವಾಗಲೆಲ್ಲ ಅವಳ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ಇಲ್ಲಿ ಯಾವ ಅಯ್ಯನೋರು ಬರುತ್ತಾರೆ? ನಾವು ಊರಿಗೆ ಹೊರಡಲು ಇನ್ನೂ ಎಂಟು ದಿನ ಇತ್ತು. ಎಂಟು ದಿನವಂತಿರಲಿ, ಬೆಳಗ್ಗೆ ಮಾತ್ರೆ ನುಂಗಿದವಳಿಗೆ ಇನ್ನೊಂದು ಗಂಟೆಯೂ ಇರಲಿಲ್ಲ.

ತಿಂದು ಹುಡುಕೋಣ ಎಂದೆ. ತಲೆಯಾಡಿಸಿದಳು. ನೀರಾದರೂ ಕುಡಿ ಎಂದೆ. ಅದಕ್ಕೂ ಇಲ್ಲ. ಮಾತಾಡಿ ಹೊತ್ತು ಕಳೆಯುವ ಬದಲು ಹಿಂದಕ್ಕೆ ಹೋಗೋಣ ಎಂದಳು. ಹೋರಿ ಗದರಿಸುವಾಗ ಕೈಯಲ್ಲಿ ಹಿಡಿದದ್ದು ಅವಳಿಗೆ ನೆನಪಿತ್ತು. ಅಂದರೆ ಹಲಗೆ ಮೆಟ್ಟಿಲಿನಿಂದ ಈಚೆಗೆ, ಇಲ್ಲವೇ ಆ ಬದುವಿನ ಉದ್ದಕ್ಕೂ ಎಲ್ಲೋ. ನಾನು ಸ್ವೆಟರು ಜಗ್ಗಿದ್ದು ನೆನಪಾಯಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಅದೇ ಹೊತ್ತಿಗೆ ಮುಂದಿನ ಸ್ಟೇಷನ್ನಿನ ಕಡೆಯಿಂದ ನಾಯಿ ಹಿಡಿದು ಒಬ್ಬ ಮುದುಕಿ ಬಂದಳು. ನನ್ನ ಅಂಗಡಿ ಇಂಗ್ಲಿಷಿನಲ್ಲಿ, ಬೆಳ್ಳಿಯ ಡಬ್ಬಿ, ದಾರ, ಒಳಗೆ ದೇವರು ಎಂದೆ. ಅವಳು ನಗಲಿಲ್ಲ. ತಾನು ಕಂಡಿಲ್ಲ, ಆದರೆ ಇಲ್ಲಿ ನಡೆಯುವವರು ದಾರಿಯಲ್ಲಿ ಏನೇ ಸಿಕ್ಕಿದರೂ ಮನೆಗೆ ಒಯ್ಯುವುದಿಲ್ಲ, ಹತ್ತಿರದ ಕಂಬಕ್ಕೋ ಗೇಟಿಗೋ ಸಿಕ್ಕಿಸಿ ಹೋಗುತ್ತಾರೆ, ಕಳೆದುಕೊಂಡವರು ಹಿಂದೆ ಬಂದರೆ ಕಾಣಲಿ ಎಂದು. ಕಂಬಗಳನ್ನು ನೋಡಿ ಎಂದಳು. ಕೈಗವಸು, ಮಕ್ಕಳ ಟೋಪಿ ಸರಿ, ಬೆಳ್ಳಿಯನ್ನು ಯಾರು ಬಿಟ್ಟು ಹೋಗುತ್ತಾರೆ ಎಂದು ನನ್ನ ವ್ಯಾಪಾರಿ ಮನಸ್ಸು ಅಂದುಕೊಂಡಿತು.

ಮತ್ತೆ ಗೋಧಿ ಹೊಲ

ಬದು ಸುತ್ತುವಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಮೊದಲು ನೇರವಾಗಿ ಹಲಗೆ ಮೆಟ್ಟಿಲಿಗೆ, ಅಲ್ಲಿಲ್ಲದಿದ್ದರೆ ಬದುವಿಗೆ ಎಂದು ನಾನು ಪೈರಿನೊಳಗೆ ಕಾಲಿಟ್ಟೆ. ತೆನೆ ಮುರಿಯುವ ಸದ್ದು ಪ್ರತಿ ಹೆಜ್ಜೆಗೂ ಕೇಳಿತು. ಹಿಂದೆ ನೀಲಮ್ಮ, ನನ್ನ ಅಂಗಿಯ ತುದಿ ಹಿಡಿದುಕೊಂಡು. ಮುಕ್ಕಾಲು ದಾರಿಗೆ ಅಂಗಿ ಸಡಿಲವಾಯಿತು. ತಿರುಗಿ ನೋಡಿದರೆ ಅವಳು ಕಾಣಲಿಲ್ಲ. ನಾಲ್ಕು ಹೆಜ್ಜೆ ಹಿಂದೆ, ಪೈರಿನ ಮರೆಯಲ್ಲಿ ನೆಲಕ್ಕೆ ಕೂತಿದ್ದಳು.

ಮುಖವೆಲ್ಲ ಬೆವರು. ಬೆರಳು ನಡುಗುತ್ತಿದ್ದವು. ನನ್ನನ್ನು ನೋಡಿ, ಎಮ್ಮೆ ಕೊಟ್ಟಿಗೆಗೆ ಬಂದವೇ ಎಂದು ಕೇಳಿದಳು. ನನ್ನನ್ನು ಅಣ್ಣಾ ಎಂದು ಕರೆದಳು. ನಾನು ಜೇಬಿನಿಂದ ಬೆಲ್ಲ ತೆಗೆದು ಚೂರು ಮುರಿದು ಅವಳ ತುಟಿಗೆ ಇಟ್ಟೆ. ಎಲ್ಲಿತ್ತೋ ಆ ಶಕ್ತಿ, ನನ್ನ ಮಣಿಕಟ್ಟನ್ನು ಹಿಡಿದು ಆಚೆ ತಳ್ಳಿದಳು. ಹಲ್ಲು ಕಚ್ಚಿಕೊಂಡಳು.

ಬಲವಂತವಾಗಿ ಬಾಯಿಗೆ ಹಾಕಬಹುದಿತ್ತು. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ನಾನು ಬೆರಳು ಹಾಕಿ ಮುರಿದರೆ ಆಮೇಲೆ ಅವಳ ಎದುರು ಹೇಗೆ ಕೂರುವುದು? ಮುರಿಯದೆ ಬಿಟ್ಟರೆ ಎದುರು ಕೂರಲು ಅವಳೇ ಇರುವುದಿಲ್ಲ. ಕೂಗಿದೆ. ಯಾರೂ ಬರಲಿಲ್ಲ. ನಾನೂ ಅವಳ ಎದುರಿಗೆ ಮಣ್ಣಿನಲ್ಲಿ ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ನೀಲಾ, ನಂಗೆ ಭಾಳ ಹೆದರಿಕೆ ಆಗ್ತೈತೆ. ನೀನಿಲ್ದೆ ನಾನು ಈ ಹೊಲ ದಾಟಿ ಹೋಗಾಕೂ ಆಗಲ್ಲ. ಊರಿಗೆ ಹೆಂಗೆ ಹೋಗ್ಲಿ?"

ಇದು ಅವಳನ್ನು ಒಲಿಸಲು ಆಡಿದ ಮಾತಲ್ಲ. ಇದ್ದದ್ದೇ ಅಷ್ಟು. ಅವಳು ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಅಣ್ಣ ಹೋಗಿ ಗಂಡ ಕಂಡಿರಬೇಕು.

"ಕೊಡ್ರಿ ಇಲ್ಲಿ," ಎಂದು ಕೈ ಚಾಚಿದಳು.

ಕಣ್ಣು ಮುಚ್ಚಿ ಬೆಲ್ಲ ಬಾಯಿಗಿಟ್ಟುಕೊಂಡಳು. ಅಚ್ಚು ಪೂರ್ತಿ ತಿಂದಳು. ನೀರು ಕುಡಿದಳು. ಮೆಲ್ಲಗೆ ನಡುಕ ನಿಂತಿತು, ಬೆವರು ಆರಿತು, ನಾವು ಎಲ್ಲಿದ್ದೇವೆ ಎಂದು ಅವಳಿಗೆ ತಿಳಿಯಿತು. ತಾನು ಏನು ಮಾಡಿದೆ ಎಂಬುದೂ ತಿಳಿಯಿತು. ಎದ್ದು, ಈ ಸಲ ತಾನೇ ಮುಂದೆ ನಡೆದಳು.

ಹಲಗೆ ಮೆಟ್ಟಿಲು

ಅಲ್ಲಿಂದ ನೂರು ಹೆಜ್ಜೆ. ಲೆಕ್ಕ ಹಾಕಿ ಹೇಳುತ್ತಿಲ್ಲ, ಆದರೆ ಅದಕ್ಕಿಂತ ಹೆಚ್ಚಿರಲಾರದು. ಪೈರು ಮುಗಿದ ಕೂಡಲೇ ಬೇಲಿ ಕಂಬ ಕಂಡಿತು. ಕಂಬದ ತುದಿಯಲ್ಲಿ ಬೆಳ್ಳಿ ಹೊಳೆಯಿತು. ಹರಿದ ಶಿವದಾರದ ಎರಡು ತುದಿಯನ್ನು ಸೇರಿಸಿ ಯಾರೋ ಅಚ್ಚುಕಟ್ಟಾಗಿ ಗಂಟು ಹಾಕಿ, ಕಂಬಕ್ಕೆ ಸುತ್ತಿ, ಕರಡಿಗೆ ಬೀಳದ ಹಾಗೆ ಕಟ್ಟಿದ್ದರು. ಒಳಗಿನ ಲಿಂಗ ಇದ್ದ ಹಾಗೇ ಇತ್ತು.

ನಾನು ಸಂತೋಷದಿಂದ ಕುಣಿಯಬೇಕಿತ್ತು. ನೂರು ಹೆಜ್ಜೆ ಎಂಬುದು ತಲೆಯಲ್ಲಿ ಸುತ್ತತೊಡಗಿತು. ನಾನು ಅಳದೆ ಇದ್ದಿದ್ದರೆ, ಅವಳನ್ನು ಅಲ್ಲೇ ಕೂರಿಸಿ ಒಬ್ಬನೇ ಓಡಿ ಬಂದಿದ್ದರೆ. ಒಬ್ಬನೇ ಓಡುವ ಯೋಚನೆಯೇ ನನಗೆ ಬರಲಿಲ್ಲ, ಅಷ್ಟು ಹೆದರಿದ್ದೆ. ಏನಾದರೂ ಮಾತಾಡಬೇಕಲ್ಲ ಎಂದು, ಯಾರು ಮುಟ್ಟಿದರೋ ಏನೋ ಎಂದೆ. ಮುಟ್ಟಿದರೇನು, ತುಳಿದು ಹೋಗಲಿಲ್ಲವಲ್ಲ, ಅವರ ಮಕ್ಕಳು ಮರಿ ಚೆನ್ನಾಗಿರಲಿ ಎಂದಳು ನೀಲಮ್ಮ. ಸ್ವೆಟರು ಜಗ್ಗಿದ್ದು ನಾನೇ, ತಪ್ಪಾಯಿತು ಎಂದೆ. ಅವಳು ನೀರಿನ ಬಾಟಲಿ ಕೇಳಿದಳು.

ಬಾಟಲಿಯ ನೀರಿನಲ್ಲಿ ಕೈಕಾಲು ತೊಳೆದು, ಹಲಗೆಯ ಮೇಲೆ ಕೂತು, ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದಳು. ಸೊಂಟದ ಚೀಲದಿಂದ ವಿಭೂತಿ ತೆಗೆದಳು. ಬೇಲಿಯ ಬುಡದ ಬಿಳಿ ಹೂವೊಂದನ್ನು ಏರಿಸಿದಳು. ಆಚೆ ಕಡೆಯಿಂದ ಬೆನ್ನಿಗೆ ಚೀಲ ಹಾಕಿದ ಗಂಡ ಹೆಂಡತಿ ಬಂದರು. ದಾಟಲು ಇದ್ದದ್ದು ಅದೊಂದೇ ಜಾಗ. ಅವರು ದೂರದಲ್ಲೇ ನಿಂತರು. ಗಂಡಸು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪೂಜೆ ಮುಗಿಯುವವರೆಗೆ, ಹೋರಿಗಳು ಸುತ್ತುವರಿದರೂ, ಅಲ್ಲಾಡಲಿಲ್ಲ. ಅವಳು ಎದ್ದ ಮೇಲೆ ತಲೆಬಾಗಿಸಿ ದಾಟಿ ಹೋದರು, ಏನು ಎತ್ತ ಎಂದು ಕೇಳಲಿಲ್ಲ. ನಮ್ಮವರಾಗಿದ್ದರೆ ಅಷ್ಟರಲ್ಲಿ ನಮ್ಮ ಮೂರು ತಲೆಮಾರಿನ ವಿಚಾರ ತಿಳಿದುಕೊಂಡಿರುತ್ತಿದ್ದರು.

ಎರಡನೇ ಸ್ಟೇಷನ್ನು

ಹಲಗೆ ಮೆಟ್ಟಿಲ ಮೇಲೇ ನೀಲಮ್ಮನಿಗೆ ಒಂದು ಚಪಾತಿ ತಿನ್ನಿಸಿ, ಮೆಲ್ಲಗೆ ನಡೆದು ಸೇರುವಾಗ ನಾವು ಹಿಡಿಯಬೇಕಿದ್ದ ರೈಲು ಹೋಗಿತ್ತು. ಮುಂದಿನದಕ್ಕೆ ಒಂದೂವರೆ ಗಂಟೆ. ಅಲ್ಲೂ ಯಾರೂ ಇರಲಿಲ್ಲ. ಸಂಜೆ ಆರಾದರೂ ಬಿಸಿಲು ನಮ್ಮ ಮೂರು ಗಂಟೆಯ ಬಿಸಿಲಿನ ಹಾಗಿತ್ತು. ಬೆಂಚಿನ ಮೇಲೆ ಕೂತು ಮಿಕ್ಕ ಒಣಗಿದ ಚಪಾತಿ ತಿಂದೆವು. ಅವಳು ಕರಡಿಗೆ ಕಣ್ಣಿಗೊತ್ತಿಕೊಂಡೇ ತಿಂದಳು.

ದಾರಿಯುದ್ದಕ್ಕೂ ಅವಳು ಮಾತಾಡಿರಲಿಲ್ಲ. ಹೋರಿಗಿಂತ, ಟ್ರ್ಯಾಕ್ಟರಿನವನಿಗಿಂತ ನನಗೆ ಆ ಮೌನದ ಭಯ ಹೆಚ್ಚಾಗಿತ್ತು. ತೊಗರ್ಸಿಯ ಅತ್ತೆಯ ಕಥೆಯನ್ನು ಇನ್ನು ಅವಳು ಯಾವ ಮುಖದಲ್ಲಿ ಹೇಳಬೇಕು? ಅದನ್ನು ನಾನು ಕಸಿದುಕೊಂಡಿದ್ದೆ. ಬೈದರೆ ಸಾಕು ಎಂದು ಕಾಯುತ್ತಿದ್ದೆ. ಕೊನೆಗೆ ತಡೆಯಲಾರದೆ, ಹಲಗೆಯ ಮೇಲೆ ಪೂಜೆಗೆ ಕೂತಾಗ ಅಷ್ಟು ಹೊತ್ತು ಕಣ್ಣು ಮುಚ್ಚಿ ಏನು ಬೇಡಿಕೊಂಡೆ ಎಂದು ಕೇಳಿದೆ.

ಅವಳು ಚಪಾತಿ ಕಟ್ಟಿದ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು.

"ಬೇಡಿಕೊಳ್ಳಾಕೆ ಏನೈತೆ? ತಿಂದೆ ಅಂತ ಇದ್ದದ್ದು ಇದ್ದಂಗೆ ಹೇಳೀನಿ. ಈ ಮನುಷ್ಯಂಗೋಸ್ಕರ ತಿಂದೆ ಅಂತಾನೂ ಹೇಳೀನಿ. ಇನ್ನು ಲಿಂಗ ಕೇಳೋದಿದ್ರೆ ನಿಮ್ಮನ್ನೇ ಕೇಳ್ತೈತೆ. ಉತ್ರ ನೀವೇ ಕೊಡ್ರಿ."